ಹೆಸರೆತ್ತದ ನೋವು

ಗಂಡನ ಕಾಲು ಈವತ್ತು ಹೇಗಿದೆ ಎಂದು ಮುನಿಯಲ್ಲಮ್ಮ ಮುಖ ನೋಡಿ ತಿಳಿಯುತ್ತಿರಲಿಲ್ಲ. ಅವನು ಹಾಡುವ ಪದ ಕೇಳಿ ತಿಳಿಯುತ್ತಿದ್ದಳು.

ದೇವರಾಯಸಮುದ್ರದ ಕೆರೆ ಕೆಳಗೆ ಅವರದು ಒಂದು ತುಂಡು ಹಿಪ್ಪುನೇರಳೆ ತೋಟ. ಮನೆಯಲ್ಲಿ ರೇಷ್ಮೆ ಹುಳು. ಹುಳುವಿಗೆ ಸೊಪ್ಪು ಬೇಕು, ಸೊಪ್ಪಿಗೆ ನೀರು ಬೇಕು. ಅದಕ್ಕೇ ಗಂಡ ವೆಂಕಟರಾಯಪ್ಪ ಬೆಳಗಾದರೆ ಬಾವಿಯ ಮೇಲೆ ಕಪಿಲೆ ಹೊಡೆಯುತ್ತಿದ್ದ. ಎತ್ತುಗಳು ಇಳಿಜಾರಿನಲ್ಲಿ ಇಳಿಯುವಾಗ ಇವನು ಹಗ್ಗದ ಮೇಲೆ ಕೂತು ಭಾರ ಬಿಡುತ್ತಿದ್ದ. ತೊಗಲಿನ ಬಾನಿ ಮೇಲೆ ಬಂದು ಕಾಲುವೆಗೆ ನೀರು ಸುರಿಯುತ್ತಿತ್ತು. ಆಮೇಲೆ ಇವನು ಕೆಳಗೆ ಧುಮುಕಿ ಎತ್ತುಗಳನ್ನು ಹಿಂದಕ್ಕೆ ನಡೆಸುತ್ತಿದ್ದ. ಬಾನಿ ಮತ್ತೆ ಬಾವಿಗೆ ಬೀಳುತ್ತಿತ್ತು. ಇದಕ್ಕೆಲ್ಲ ಜೊತೆಗೆ ಪದ. ಮನೆಯಲ್ಲಿ ಕನ್ನಡ, ಎತ್ತುಗಳ ಹತ್ತಿರ ತೆಲುಗು. ಮುನಿಯಲ್ಲಮ್ಮ ತೋಟದ ಆ ತುದಿಯಲ್ಲಿ ಮಡಿಗೆ ನೀರು ತಿರುಗಿಸುತ್ತ ಕೇಳುತ್ತಿದ್ದಳು.

ಜರ್ಮನಿಯವರ ಯುದ್ಧ ಶುರುವಾದ ವರ್ಷ ಆ ಪದ ಮಧ್ಯದಲ್ಲಿ ಕಡಿಯತೊಡಗಿತು.

ನೆಂದ ಬಾನಿಯನ್ನು ಒಬ್ಬನೇ ಎತ್ತಲು ಹೋಗಿದ್ದ. ಸೊಂಟದಲ್ಲಿ ಏನೋ ಲಟಕ್ಕೆಂದಿತು. ಅವತ್ತಿನಿಂದ ನರ ಹಿಡಿಯಿತು. ಕಾದ ತಂತಿಯನ್ನು ಸೊಂಟದಿಂದ ಕಿರುಬೆರಳಿನ ತನಕ ಎಳೆದ ಹಾಗೆ ಎನ್ನುತ್ತಿದ್ದ. ಕೂತು ಉಣ್ಣಲು ಆಗದು. ಕಂಬಕ್ಕೆ ಒರಗಿ, ತಟ್ಟೆ ಕೈಯಲ್ಲಿ ಹಿಡಿದು ಉಣ್ಣುತ್ತಿದ್ದ. ಕಾಲಿನ ಮೇಲೆ ದುಪ್ಪಟಿ ಬಿದ್ದರೂ ಆಗದು. ಗಾಡಿ ಹತ್ತಲು ಆಗದು ಎಂದು ತಂಗಿಯ ಮಗಳ ಮದುವೆಗೂ ಹೋಗಲಿಲ್ಲ. ನಗುತ್ತಿದ್ದವನು ನಗುವುದನ್ನು ಬಿಟ್ಟ. ಮಕ್ಕಳು ಅವನಿದ್ದ ಕಡೆ ಆಡುವುದನ್ನು ಬಿಟ್ಟವು.

"ನಮ್ಮಣ್ಣ ಕುದುರೆ ಹಂಗೆ ನಿಂತ್ಕಂಡೇ ಉಣ್ತಾನೆ ಕಣತ್ಗೆ. ಹುಳ್ಳಿ ನೆನೆ ಹಾಕು," ಎಂದು ಮೈದುನ ಮುನಿಶಾಮಿ ಒಮ್ಮೆ ತಮಾಷೆ ಮಾಡಿದ. ಯಾರೂ ನಗಲಿಲ್ಲ.

ಮುಳಬಾಗಿಲಿನ ಡಾಕ್ಟರು ತಿಕ್ಕಲು ಒಂದು ಎಣ್ಣೆ ಕೊಟ್ಟು, ರೆಸ್ಟು ತಗೋ ಎಂದರು.

"ಆ ರೆಸ್ಟು ಯಾವ ಅಂಗಡೀಲಿ ಸಿಗ್ತದೆ, ಕೇಳ್ಕಂಡ್ ಬರೋದಲ್ವಾ?" ಎಂದಳು ಮುನಿಯಲ್ಲಮ್ಮ.

"ಕೇಳ್ದೆ. ನಮ್ಮೂರ್ ಕಡೆ ಬರಲ್ವಂತೆ."

ಅದು ಅವನು ಆಡಿದ ಕೊನೆಯ ತಮಾಷೆ.

ಮರುವರ್ಷ ಸಂಕ್ರಾಂತಿ ಕಳೆದ ಮೇಲೆ ಪೆದ್ದಪ್ಪನನ್ನು ಕರೆಸಿದರು. ಅವನು ದನಕ್ಕೂ ಮನುಷ್ಯರಿಗೂ ಬರೆ ಹಾಕುವವನು. ಕುಡುಗೋಲಿನ ತುದಿ ಕೆಂಪಗೆ ಕಾಯಿಸಿ, ತೊಡೆಯ ಹಿಂದೆ, ಮಂಡಿಯ ಸಂದಿಯಲ್ಲಿ, ಹಿಮ್ಮಡಿಯ ಮೇಲೆ ಎಳೆದ. ವೆಂಕಟರಾಯಪ್ಪ ಬಾಯಲ್ಲಿ ಬಟ್ಟೆ ಕಚ್ಚಿಕೊಂಡಿದ್ದ. ಸುಟ್ಟ ವಾಸನೆ ಸಂಜೆಯ ತನಕ ಮನೆಯಲ್ಲಿತ್ತು.

ಹೋಗುವಾಗ ಪೆದ್ದಪ್ಪ ಬಾಗಿಲಲ್ಲಿ ನಿಂತು ಕಟ್ಟು ಹೇಳಿದ. "ಇನ್ಮೇಲೆ ಮನೇಲಿ ಯಾರೂ ಈ ನೋವಿನ ಹೆಸರು ಎತ್ತಬಾರ್ದು. ಹೆಂಗಿದೆ ಅಂತ ಕೇಳ್ಬಾರ್ದು, ಹಿಂಗಿದೆ ಅಂತ ಹೇಳ್ಬಾರ್ದು. ಎತ್ತಿದ್ರೆ ಕರ್ದಂಗೆ. ಬಂದ್ ಕೂತ್ಕಂತದೆ."

ನಮ್ಮ ಕಡೆ ಎಲ್ಲರೂ ನಡೆಸುವ ಕಟ್ಟು ಅದು. ಇವರೂ ನಡೆಸಿದರು.

ಬರೆ ಒಣಗುವ ಹೊತ್ತಿಗೆ ನೋವು ಹೋಯಿತು. ವೆಂಕಟರಾಯಪ್ಪ ಕೂತು ಉಂಡ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ. ಬಾವಿಯ ಕಡೆಯಿಂದ ಪದ ಕಡಿಯದೆ ಬಂತು. ಮುನಿಯಲ್ಲಮ್ಮ ಗುದ್ದಲಿ ಊರಿ ನಿಂತು ಕೇಳಿದಳು. ಮುಳಬಾಗಿಲಿಗೆ ಹೋಗಿ ಆಂಜನೇಯಸ್ವಾಮಿಗೆ ಕಾಯಿ ಒಡೆಸಿಕೊಂಡು ಬಂದಳು.

ಒಂದು ದಿನ ಅವನು ಒಂದೇ ಮೆಟ್ಟು ಹಾಕಿಕೊಂಡು ಮನೆಗೆ ಬಂದ. ಇನ್ನೊಂದು ಎಲ್ಲಿ ಬಿತ್ತೋ ಅವನಿಗೆ ಗೊತ್ತಿಲ್ಲ. ಬರಿಗಾಲಲ್ಲಿ ಜಲ್ಲಿಯ ಮೇಲೆ ನಡೆದು ಬಂದಿದ್ದ, ಅದೂ ಗೊತ್ತಿಲ್ಲ. ಅವಳು ಬಾಯಿ ತೆರೆದಳು. ಅವನು ನೋಡಿದ. ಅವಳು ಬಾಯಿ ಮುಚ್ಚಿದಳು.

ಇನ್ನೊಂದು ದಿನ ಒಲೆಯ ಮುಂದೆ ಕೂತಿದ್ದಾಗ ಕೆಂಡವೊಂದು ಸಿಡಿದು ಅವನ ಪಾದದ ಮೇಲೆ ಬಿತ್ತು. ಅವನು ಮಾತಾಡುತ್ತಲೇ ಇದ್ದ. ಅವಳೇ ಕೈಯಿಂದ ಕೆಂಡ ತೆಗೆದೆಸೆದಳು. ಅವಳ ಬೆರಳು ಸುಟ್ಟಿತು. ಅವನ ಮಾತು ನಿಲ್ಲಲಿಲ್ಲ.

ಎತ್ತುಗಳಿಗೆ ಲಾಳ ಕಟ್ಟಲು ನಬೀ ಸಾಬ್ ಬಂದರು. ಎತ್ತನ್ನು ಕೆಡವಿ, ಕಾಲು ಬಿಗಿದು, ಕೆಲಸ ಮುಗಿಸಿದ ಮೇಲೆ ಒಂದು ಮೊಳೆ ಕಾಣಲಿಲ್ಲ. ಹುಡುಕಿದರು. ಆಮೇಲೆ ವೆಂಕಟರಾಯಪ್ಪನ ಹಿಮ್ಮಡಿ ನೋಡಿದರು.

"ಅರೆ, ಎತ್ತಿಗೆ ಹೊಡ್ಯೋಕೆ ಬಂದ್ರೆ ನೀನೇ ಹೊಡಿಸ್ಕಂಡಿದೀಯಲ್ಲೋ," ಎಂದು ನಕ್ಕರು. ಬಗ್ಗಿ ಮೊಳೆ ಕಿತ್ತರು. ಅರ್ಧ ಬೆರಳಷ್ಟು ಒಳಗಿತ್ತು. ವೆಂಕಟರಾಯಪ್ಪ ಕಾಲು ಎಳೆದುಕೊಳ್ಳಲಿಲ್ಲ, ಹುಬ್ಬೂ ಗಂಟಿಕ್ಕಲಿಲ್ಲ. ನಬೀ ಸಾಬರ ನಗು ನಿಂತಿತು. ಮೊಳೆಯನ್ನು ಬಟ್ಟೆಗೆ ಒರೆಸಿ ಚೀಲಕ್ಕೆ ಹಾಕಿಕೊಂಡು, ಮುನಿಯಲ್ಲಮ್ಮನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು. "ಅಮ್ಮಾ, ಅವನನ್ನ ಹಗ್ಗದ ಮೇಲೆ ಕೂರಿಸ್ಬೇಡ. ಆ ಕಾಲು ಅವನ್ದಲ್ಲ ಈಗ."

ಅವಳಿಗೆ ಆಗ ತಿಳಿಯಿತು. ನೋವು ಹೋಗಿರಲಿಲ್ಲ. ಕಾಲು ಹೋಗಿತ್ತು.

ಸಂಜೆ ಅವಳು ಕಟ್ಟು ಮುರಿದಳು. "ಕಾಲು ಜೋಮು ಹಿಡಿದದೆ ಅಲ್ವಾ? ಹೇಳು."

ಅವನ ಮುಖ ಬಿಳುಪಾಯಿತು. "ಲೇ, ಎತ್ತಿದ್ಯಾ?"

"ಎತ್ತಿದೆ. ನಾಳೆಯಿಂದ ಮುನಿಶಾಮಿ ಕಪಿಲೆ ಹೊಡೀಲಿ."

"ಅವನಿಗೆ ಬಿಟ್ರೆ ನನಗಿನ್ನೂ ಐತೆ ಅಂತ ನಾನೇ ಒಪ್ಕಂಡಂಗೆ. ಮತ್ತೆ ಬರ್ತದೆ ಅದು. ನಿಂಗೇನ್ ಗೊತ್ತು ಅದು ಹೆಂಗಿರ್ತದೆ ಅಂತ. ಸಾಯ್ತೀನಿ, ಅದು ಮಾತ್ರ ಬ್ಯಾಡ."

"ಮಕ್ಕಳ ಮುಖ ನೋಡು."

"ಸುಮ್ನಿರೇ. ಇನ್ನೊಂದ್ಸಲ ಎತ್ಬೇಡ."

ಬೆಳಗ್ಗೆ ಅವಳು ಏಳುವ ಮೊದಲೇ ಎತ್ತು ಹೊಡೆದುಕೊಂಡು ಹೋಗಿದ್ದ. ಅವಳು ಮುನಿಶಾಮಿಯನ್ನು ಎಬ್ಬಿಸಿದಳು. "ಹೋಗು, ಕೈಯಿಂದ ಹಗ್ಗ ಕಿತ್ಕೋ. ಬೈದ್ರೆ ಬೈಲಿ." ಅವನು ಪಂಚೆ ಕಟ್ಟಿಕೊಳ್ಳುತ್ತಲೇ ಓಡಿದ. ಇವಳು ಹಿಂದೆ.

ಕೆರೆ ಕೋಡಿಯ ಹತ್ತಿರ ಪದ ಕೇಳಿಸಿತು. ಚೆನ್ನಾಗಿ ಹಾಡುತ್ತಿದ್ದ. ಬಾವಿ ಕಾಣುವಷ್ಟು ಹತ್ತಿರ ಬಂದಾಗ ಅವನು ಇಳಿಜಾರಿನ ಮೇಲೆ, ಬಾವಿಯ ಅಂಚಿನಲ್ಲಿ ನಿಂತು ಎತ್ತುಗಳನ್ನು ಹಿಂದಕ್ಕೆ ನಡೆಸುತ್ತಿದ್ದ. ಸಡಿಲಾದ ಹಗ್ಗ ನೆಲದ ಮೇಲೆ ಬಿದ್ದಿತ್ತು. ಸುತ್ತು ಸುತ್ತಾಗಿ, ಅವನ ಕಾಲ ಬಳಿ. ಅವಳಿಗೆ ಕಂಡಿತು. "ಕಾಲು," ಎಂದು ಕೂಗಿದಳು. ಅವನು ತಿರುಗಿ ನೋಡಿದ. ಕೆಳಗೆ ಮಾತ್ರ ನೋಡಿಕೊಳ್ಳಲಿಲ್ಲ. ಬೇರೆ ಯಾರೇ ಆಗಿದ್ದರೂ ಹಗ್ಗ ತಾಕಿದ ಕೂಡಲೆ ಕಾಲು ಕಿತ್ತುಕೊಳ್ಳುತ್ತಿದ್ದರು.

ಮುನಿಶಾಮಿ ತಲುಪುವ ಮೊದಲೇ ಬಾನಿ ಬಾವಿಗೆ ಬಿತ್ತು. ಹಗ್ಗ ಬಿಗಿದು ಅವನನ್ನೂ ಎಳೆದುಕೊಂಡು ಹೋಯಿತು. ಪದದ ಸಾಲು ಮುಗಿಯಲಿಲ್ಲ.

ಮುನಿಶಾಮಿ ಬಾವಿಗೆ ಇಳಿದು ಹೆಣದ ಕಾಲಿನಿಂದ ಹಗ್ಗ ಬಿಡಿಸಿದ. ಎತ್ತುಗಳು ಮೇಲೆ ನಿಂತೇ ಇದ್ದವು, ಮುಂದಿನ ಸಾಲಿಗೆ ಕಾಯುವ ಹಾಗೆ.

ಊರಿನವರು ಅಂದರು, ಹೆಂಡತಿ ಹೆಸರೆತ್ತಿದಳು, ಅದಕ್ಕೇ ಹೀಗಾಯಿತು ಎಂದು. ಪೆದ್ದಪ್ಪನೂ ಅಂದ.

ಅಂದಿನಿಂದ ಆ ಮನೆಯಲ್ಲಿ ಕಟ್ಟಿಲ್ಲ. ಬೆಳಗ್ಗೆ ಮಕ್ಕಳಿಗೆ ಮುದ್ದೆ ಇಕ್ಕುವ ಮೊದಲು ಮುನಿಯಲ್ಲಮ್ಮ ಒಬ್ಬೊಬ್ಬರ ಅಂಗಾಲನ್ನೂ ಕಡ್ಡಿಯಿಂದ ಗೀರುತ್ತಾಳೆ. ಕಾಲು ಎಳೆದುಕೊಂಡರೆ ಊಟ ಇಕ್ಕುತ್ತಾಳೆ. ಎಳೆದುಕೊಳ್ಳದಿದ್ದರೆ ಇನ್ನೊಮ್ಮೆ, ಸ್ವಲ್ಪ ಜೋರಾಗಿ.