ಪಕ್ಕದ ಜಾಗ

ಕೊಲ್ಲಿ ದೇಶದ ಗುಫೂಲ್ ಬಡಾವಣೆಯಲ್ಲಿರುವ ಜಯಶೀಲಾಳ ಮನೆಗೆ ಯಾರೇ ಬರಲಿ, ಚಹಾಕ್ಕಿಂತ ಮೊದಲು ಮೊಬೈಲು ಹೊರಗೆ ಬರುತ್ತದೆ. ಮಗಳ ಜೊತೆ ಇಟಲಿಯ ಒಂದು ಗುಡ್ಡದೂರಿಗೆ ಹೋಗಿಬಂದ ಮೇಲೆ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. "ಎಂಥ ಕೋಟೆ ಮಾರಾಯ್ರೆ! ಇಲ್ಲಿಯ ನಮ್ಮ ಅರಾದಿನ ಕೋಟೆ ಇದರ ಮರಿ!" ಜಲಪಾತದ ಫೋಟೋ ಬಂತೆಂದರೆ ಸೋಫಾ ಹತ್ತಿ, ಕೈ ಬೀಸಿ ನೀರು ಬೀಳಿಸುತ್ತಾಳೆ, ಕೂತವರು ಸೆರಗು ಒರೆಸಿಕೊಳ್ಳಬೇಕು. ಆದರೆ ಎಲ್ಲ ಫೋಟೋಗಳಲ್ಲೂ ಅವಳು ಒಂದು ಬದಿಗೆ ಸರಿದು ನಿಂತಿದ್ದಾಳೆ, ಪಕ್ಕದಲ್ಲಿ ಇನ್ನೊಬ್ಬರು ಹಿಡಿಸುವಷ್ಟು ಜಾಗ ಖಾಲಿ. ಗಂಡ ಚೆನ್ನಪ್ಪನಿಗೆ ಕಂಪೆನಿಯವರು ಆಗ ರಜೆ ಕೊಟ್ಟಿರಲಿಲ್ಲ. ಈ ವರ್ಷ ಮತ್ತೆ ಕೇಳಿದ್ದಾನೆ, ಉತ್ತರ ಇನ್ನೂ ಬಂದಿಲ್ಲ. ಆದರೂ ಚಹಾ ತಂದಿಡುವಾಗ ಪ್ರತಿಸಲ ಫೋಟೋದೊಳಗೆ ಬಗ್ಗಿ ನೋಡಿ ಅನ್ನುತ್ತಾನೆ: "ಕೋಟೆ ಹತ್ರ ಇನ್ನೂ ಸ್ವಲ್ಪ ಸರಿಬೇಕಿತ್ತು ಮಾರಾಯ್ತಿ, ಇಷ್ಟರಲ್ಲಿ ನನ್ನ ಹೊಟ್ಟೆ ಹಿಡಿಯುದಿಲ್ಲ!"