ಮೊಸರಿನವರ ಜಟಕಾ

ಚಿನ್ನದ ಗಣಿ ಊರಿಗೆ ಮೊಸರು ಹೊತ್ತುಕೊಂಡು ಹೋಗುವ ಹೆಂಗಸರಿಗೆ ಬಸ್ಸಿನಲ್ಲಿ ಜಾಗವಿರಲಿಲ್ಲ. ಸೀಟುಗಳು ಖಾಲಿ ಇರುತ್ತಿದ್ದವು, ನಮಗೆ ಮಾತ್ರ ಜಾಗವಿರಲಿಲ್ಲ. "ಚೆಲ್ತದೆ, ವಾಸ್ನೆ ಬತ್ತದೆ, ಇಳೀರಮ್ಮ" ಎಂದು ಕಂಡಕ್ಟರ್ ಬಾಗಿಲಲ್ಲೇ ಕೈ ಅಡ್ಡ ಹಿಡಿಯುತ್ತಿದ್ದ. ಅದೇ ಬಸ್ಸಿನಲ್ಲಿ ವ್ಯಾಪಾರಿಗಳ ಎಣ್ಣೆ ಡಬ್ಬಗಳು ಸಲೀಸಾಗಿ ಹೋಗುತ್ತಿದ್ದವು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಮದುವೆಯಾಗಿ ಬಂಗಾರಪೇಟೆ ಹತ್ತಿರದ ಹಳ್ಳಿಗೆ ಬಂದ ಹೊಸತು. ನೆನೆದರೆ ಈಗಲೂ ಮೈ ಉರಿಯುತ್ತದೆ.

ನಮ್ಮನ್ನು ಹತ್ತಿಸಿಕೊಳ್ಳುತ್ತಿದ್ದವರು ಜಟಕಾ ಸಾಬರೊಬ್ಬರೇ. ಹುಲ್ಲು ಹಾಸಿದ ಗಾಡಿಯಲ್ಲಿ ನಾನು, ನನ್ನ ಅತ್ತೆ, ಊರಿನ ಇನ್ನೂ ನಾಲ್ವರು ಹೆಂಗಸರು, ಮಡಿಲಲ್ಲಿ ಮಡಕೆಗಳು. ಏರು ಬಂದರೆ ನಾವು ಇಳಿದು ನಡೆಯುತ್ತಿದ್ದೆವು. ಮಂಡಿನೋವಿದ್ದ ಅತ್ತೆ ಮಾತ್ರ ಕೂತಿರುತ್ತಿದ್ದರು.

ಒಂದು ಬೆಳಿಗ್ಗೆ ಗಣಿ ಊರಿನ ಉರಿಗಾಂ ಹತ್ತಿರ ಪೊಲೀಸಿನವನು ಗಾಡಿ ತಡೆದ. ನಾಲ್ಕು ಜನಕ್ಕಿಂತ ಹೆಚ್ಚು ಕೂರಿಸುವಂತಿಲ್ಲ ಅಂದ. ಸಾಬರು ಕೈಮುಗಿದರು. ಅವನು ಅವರ ಚಾವಟಿಯನ್ನೇ ಕಿತ್ತುಕೊಂಡು ಬೆನ್ನಿಗೆ ಬಾರಿಸಿದ. ನಾವು ಗಾಬರಿಯಾಗಿ ಮಡಕೆಗಳನ್ನು ಅಲ್ಲೇ ಬಿಟ್ಟು ಕೆಳಗೆ ಹಾರಿದೆವು. ಅತ್ತೆ ಇಳಿಯಲಿಲ್ಲ.

"ಬಸ್ಸಿಗೆ ಅತ್ತಬ್ಯಾಡ ಅಂತೀರಿ, ಜಟಕಾದಿಂದ ಇಳಿ ಅಂತೀರಿ. ಆರ್ಕೊಂಡು ಓಗಾನಾ ಸ್ವಾಮಿ?"

"ಬಾಯಿ ಮುಚ್ಕೊಂಡು ಇಳಿ ಮುದುಕಿ."

"ಈಗ ನಾನೊಬ್ಳೇ ಕೂತಿವ್ನಿ. ಒಬ್ಳು ನಾಕು ಜನಕ್ಕಿಂತ ಎಚ್ಚಾಯ್ತಾಳಾ?"

ಅವನು ಸಿಟ್ಟಿಗೆದ್ದು ಕುದುರೆಯನ್ನೇ ಬಿಚ್ಚಿಬಿಟ್ಟ. ಗಾಡಿ ಹಿಂದಕ್ಕೆ ವಾಲಿತು. ಅತ್ತೆ ಮಡಕೆಗಳ ಸಮೇತ ರಸ್ತೆಗೆ ಬಿದ್ದರು. ತಲೆಯಿಂದ ಸೆರಗಿನ ತುದಿಯವರೆಗೂ ಮೊಸರು, ಮೊಣಕೈಯಲ್ಲಿ ರಕ್ತ. ಅವನು ನಕ್ಕ.

ಆ ನಗು ನೋಡಿ ನನಗೆ ಏನಾಯಿತೋ, ಒಡೆದ ಮಡಕೆಯಲ್ಲಿ ಉಳಿದಿದ್ದ ಮೊಸರನ್ನು ಬಾಚಿ ಅವನ ಮುಖಕ್ಕೇ ಎರಚಿದೆ. ಅವನು ನನ್ನ ಮೇಲೆ ಚಾವಟಿ ಎತ್ತಿದ. ಅಷ್ಟರಲ್ಲಿ ಹತ್ತಿರದ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದ ಗಣಿ ಕೆಲಸಗಾರರ ಹೆಂಡತಿಯರು ಕೊಡಗಳನ್ನು ಬಿಟ್ಟು ಓಡಿಬಂದರು. ದಿನಾ ನಮ್ಮಿಂದ ಮೊಸರು ಕೊಳ್ಳುವವರು. ಅವರಲ್ಲೊಬ್ಬಳು ನನಗೂ ಅವನಿಗೂ ನಡುವೆ ನಿಂತು ತಮಿಳಿನಲ್ಲಿ, "ಅಡಿ ಪಾಕಲಾಂ!" ಎಂದಳು. ಹೊಡಿ, ನೋಡೇ ಬಿಡೋಣ ಅಂತ. ಅವನು ಹೊಡೆಯಲಿಲ್ಲ. ಕುದುರೆಯನ್ನು ಎಳೆದುಕೊಂಡು ಠಾಣೆಗೆ ಹೋದ. ಸಂಜೆಯವರೆಗೂ ಅದನ್ನು ಬಿಸಿಲಲ್ಲಿ ಕಟ್ಟಿಹಾಕಿದರು. ಸಾಬರು ಒಯ್ದ ನೀರನ್ನೂ ಒಳಗೆ ಬಿಡಲಿಲ್ಲ. ಹೆಚ್ಚು ಜನರನ್ನು ಕೂರಿಸಿದ ಕೇಸಿಗೆ ಆಮೇಲೆ ಸಾಬರು ಕೋರ್ಟಿಗೂ ಅಲೆದರು. ನಮ್ಮನ್ನು ಬಾಗಿಲಲ್ಲೇ ತಡೆದ ಕಂಡಕ್ಟರ್ ಮೇಲೆ ಯಾವ ಕೇಸೂ ಆಗಲಿಲ್ಲ.

ಮತ್ತೆ ಗಾಡಿ ಹೂಡಿದಾಗ ಸಾಬರು ಒಂದು ಉಪಾಯ ಮಾಡಿದರು. ಪೊಲೀಸಿನವನು ನಿಲ್ಲುವ ಜಾಗಕ್ಕೆ ಮೊದಲೇ ನಮ್ಮನ್ನು ಇಳಿಸುತ್ತಿದ್ದರು. ಮಡಕೆ ಹೊತ್ತು ಅವನ ಮುಂದೆಯೇ ನಡೆದುಹೋಗಿ, ಆಚೆ ತಿರುವಿನಲ್ಲಿ ಮತ್ತೆ ಹತ್ತುತ್ತಿದ್ದೆವು. ಅವನಿಗೂ ಅದು ಕಾಣುತ್ತಿತ್ತು. ಸರ್ಕಾರದ ಕಾನೂನಿಗೆ ಅಷ್ಟೇ ಸಾಕಾಗಿತ್ತು, ಥೂ!

ಅತ್ತೆ ಮಾತ್ರ ಇಳಿಯುತ್ತಿರಲಿಲ್ಲ. ಒಬ್ಬರೇ ಗಾಡಿಯಲ್ಲಿ ಕೂತು ಬರುತ್ತಿದ್ದರು. ಅವನ ಎದುರಿಗೆ ಬಂದಾಗ, ಬಾಯಲ್ಲಿದ್ದ ಎಲೆಅಡಿಕೆಯನ್ನು ರಸ್ತೆಗೆ ಉಗುಳುತ್ತಿದ್ದರು.