ಕಲ್ಲಿದ್ದಲ ಗಣಿಯ ಕಾದಂಬರಿ, ನಮ್ಮ ಮನೆಯ ಹಗೇವು

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಮೈಸೂರಿನ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಆನರ್ಸ್ ಓದುತ್ತಿದ್ದೆ. ನಮಗೆ ಪಠ್ಯವಾಗಿದ್ದ ಕಾದಂಬರಿಗಳನ್ನು ಬರೆದವರೆಲ್ಲ ಸತ್ತು ಬಹಳ ಕಾಲವಾಗಿತ್ತು. ಬದುಕಿರುವವರು ಬರೆದದ್ದನ್ನೂ ಓದಬೇಕು ಎಂದು ಹಟ ಹಿಡಿದವರು ನಮ್ಮ ಮೇಷ್ಟ್ರೊಬ್ಬರೇ. ಶನಿವಾರ ಮಧ್ಯಾಹ್ನ ಅವರ ಮನೆಯ ಜಗಲಿಯಲ್ಲಿ ಐದಾರು ಮಂದಿ ಸೇರುತ್ತಿದ್ದೆವು. ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಹೊಸ ಪುಸ್ತಕದ ಒಂದೇ ಪ್ರತಿ ಇರುತ್ತಿತ್ತು. ಅದು ಕೈಯಿಂದ ಕೈಗೆ ಹೋಗಿ, ಕೊನೆಯವನಿಗೆ ಸಿಗುವ ಹೊತ್ತಿಗೆ ರಟ್ಟು ಕಳಚಿರುತ್ತಿತ್ತು.

ಮೇಷ್ಟ್ರು ನಾಯಕನ ಸ್ವಭಾವ ಎಂಥದು, ಶೈಲಿ ಹೇಗಿದೆ ಎಂದು ಕೇಳುತ್ತಿರಲಿಲ್ಲ. “ಈ ಮನೆಯಲ್ಲಿ ಬೆಳಿಗ್ಗೆ ಎದ್ದು ಒಲೆ ಹಚ್ಚೋರು ಯಾರು? ಸ್ನಾನದ ನೀರು ಎಲ್ಲಿಂದ ಬರುತ್ತೆ? ಭಾನುವಾರ ಚರ್ಚಿಗೆ ಹೋಗದಿದ್ರೆ ಪಕ್ಕದ ಮನೆಯೋರು ಏನಂತಾರೆ?” ಇಂಥವೇ ಪ್ರಶ್ನೆಗಳು. ನಾವು ತಡವರಿಸಿದರೆ, “ಹಾಗಾದ್ರೆ ನೀವು ಪದಗಳನ್ನ ಓದಿದ್ದೀರಿ ಕಣ್ರಯ್ಯಾ, ಪುಸ್ತಕ ಓದಿಲ್ಲ” ಎಂದು ನಗುತ್ತಿದ್ದರು.

ಆ ವರ್ಷದ ಕೊನೆಯ ಪುಸ್ತಕ ಕಲ್ಲಿದ್ದಲ ಗಣಿಯ ಊರೊಂದರದು. ಅದರ ಕೊನೆಯಲ್ಲಿ ಗಣಿಯೊಳಗೆ ಅನಾಹುತವಾಗುತ್ತದೆ. ಗಂಡಂದಿರು, ಮಕ್ಕಳು ಒಳಗೆ ಸಿಕ್ಕಿಕೊಂಡಿದ್ದಾರೆ. ಊರಿನ ಹೆಂಗಸರೆಲ್ಲ ಗಣಿಯ ಬಾಯಿಗೆ ಬಂದು ನಿಲ್ಲುತ್ತಾರೆ. ಒಬ್ಬಳೂ ಅಳುವುದಿಲ್ಲ, ಒಬ್ಬಳೂ ಮಾತಾಡುವುದಿಲ್ಲ. ಪುಟಗಟ್ಟಲೆ ಹಾಗೇ ನಿಂತಿರುತ್ತಾರೆ.

“ಯಾಕೆ ಅಳೋದಿಲ್ಲ?” ಎಂದರು ಮೇಷ್ಟ್ರು.

ನನ್ನ ಪಕ್ಕದಲ್ಲಿದ್ದ ಅಗ್ರಹಾರದ ಗೆಳೆಯ, “ಛಳಿ ದೇಶ ಸಾರ್, ಕಣ್ಣೀರೂ ಹೆಪ್ಪುಗಟ್ಟಿರುತ್ತೆ” ಎಂದ. ಎಲ್ಲರೂ ನಕ್ಕೆವು. ಇಂಗ್ಲಿಷರದು ಬಿಗಿ ಸ್ವಭಾವ, ದುಃಖವನ್ನು ತೋರಿಸುವುದು ಅವರಲ್ಲಿ ಮರ್ಯಾದೆಯಲ್ಲ ಎಂದು ಇನ್ನೊಬ್ಬ ಗಂಭೀರವಾಗಿ ಹೇಳಿದ. ನನಗೂ ಅದೇ ಸರಿ ಎನಿಸಿತ್ತು.

“ಜಾತಿಯಲ್ಲಿ ಹುಡುಕಬೇಡಿ, ಜೀವನದಲ್ಲಿ ಹುಡುಕಿ” ಎಂದು ಮೇಷ್ಟ್ರು ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಬೇಸಿಗೆ ರಜದಲ್ಲಿ ಓದಿ, ಆ ಹೆಂಗಸರ ಮೇಲೆ ಒಂದು ಪ್ರಬಂಧ ಬರೆದು ತರಬೇಕೆಂದು ಹೇಳಿದರು.

ಮೋಟಾರು ಬಸ್ಸಿನಲ್ಲಿ ಹುಣಸೂರಿಗೆ ಬಂದು, ಅಲ್ಲಿಂದ ಗಾಡಿ ಹಿಡಿದು ಕಟ್ಟೆಮಳಲವಾಡಿಯ ಆಚೆಗಿದ್ದ ನಮ್ಮೂರು ಸೇರಿದೆ. ಮನೆಯಲ್ಲಿ ಅಪ್ಪ, ಅವ್ವ, ಬೇಸಾಯ ನೋಡಿಕೊಳ್ಳುತ್ತಿದ್ದ ಅಣ್ಣ, ಅತ್ತಿಗೆ. ನಾನು ಪಡಸಾಲೆಯ ಕಂಬಕ್ಕೆ ಒರಗಿ ಓದುತ್ತಿದ್ದರೆ ಅಣ್ಣ ಗೇಲಿ ಮಾಡುತ್ತಿದ್ದ.

“ಏನ್ಲಾ ಕತೆ ಅದು?”

ಹೇಳಿದೆ.

“ಭೂಮಿ ಒಳಕ್ಕೋಗಿ ಇದ್ಲು ತರಾಕೆ ಇಷ್ಟ್ ದಪ್ಪ ಪುಸ್ತಕ ಬೇಕೇನ್ಲಾ? ಅವರೂರಲ್ಲಿ ಸೌದೆ ಇರ್ನಿಲ್ವಾ?”

ಅತ್ತಿಗೆಗೆ ಬೇರೆಯೇ ಅನುಮಾನ. “ದೊರೆಗಳೂ ಮಣ್ಣ್ ಅಗೀತಾರಾ? ಮೈಗೆಲ್ಲ ಮಸಿ ಬಳ್ಕಂಡಾ? ಸುಳ್ಳೇಳ್ಬ್ಯಾಡಿ ಬುಡಿ” ಎಂದರು. ಅವರು ನೋಡಿದ್ದ ಇಂಗ್ಲಿಷರೆಂದರೆ ಕುದುರೆಯ ಮೇಲೆ ಹೋಗುವವರು, ಇಲ್ಲವೇ ಕಾರಿನಲ್ಲಿ ಕಾಡಿಗೆ ಶಿಕಾರಿಗೆ ಹೋಗುವವರು. ಇಂಗ್ಲಿಷರಲ್ಲೂ ಬಡವನೊಬ್ಬ ಇದ್ದಾನೆಂದು ನಂಬಿಸಲು ನನ್ನಿಂದ ಆಗಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಅಲ್ಲಿಯವರೆಗೆ ಅಂಥವನನ್ನು ಪುಸ್ತಕದಲ್ಲಿ ಮಾತ್ರ ಕಂಡಿದ್ದೆ.

ಮನೆಯ ವಾಡೆಯಲ್ಲಿ, ಎಂದರೆ ಕಾಳು ತುಂಬಿಡುವ ಮಣ್ಣಿನ ದೊಡ್ಡ ಗುಡಾಣದಲ್ಲಿ, ರಾಗಿ ಮುಗಿಯುತ್ತ ಬಂದಿತ್ತು. ಹಗೇವು ತೆಗೆಯಬೇಕು ಎಂದರು ಅಪ್ಪ. ಈಗಿನವರು ಹಗೇವನ್ನು ನೋಡಿರಲಾರರು. ಗಟ್ಟಿ ನೆಲದಲ್ಲಿ ಆಳಕ್ಕೆ ತೋಡಿದ ಗುಣಿ ಅದು. ಹೊಟ್ಟೆ ಅಗಲ, ಕತ್ತು ಕಿರಿದು, ಒಬ್ಬ ಮನುಷ್ಯ ಮೈ ಹಿಡಿಮಾಡಿಕೊಂಡು ಇಳಿಯುವಷ್ಟೇ ಬಾಯಿ. ಒಳಗೋಡೆಗೆ ಹುಲ್ಲು ಕೊಟ್ಟು ರಾಗಿ ತುಂಬಿ, ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಮುಚ್ಚಿದ ರಾಗಿಯ ನಡುವೆ ಗಾಳಿ ಕೆಟ್ಟಿರುತ್ತದೆ. ಆದ್ದರಿಂದ ಚಪ್ಪಡಿ ತೆಗೆದು ಇಡೀ ದಿನ ಬಿಡುತ್ತಾರೆ. ಬೇವಿನ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಒಳಗೆ ಮೇಲೆ ಕೆಳಗೆ ಆಡಿಸುತ್ತಾರೆ. ಆಮೇಲೆ ಲಾಟೀನು ಇಳಿಬಿಡುತ್ತಾರೆ. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಲ್ಲ. ಇಳಿದವನ ಸೊಂಟಕ್ಕೆ ಹಗ್ಗ. ಮೇಲಿನವರು ಆಗಾಗ “ಓ” ಎನ್ನಬೇಕು, ಒಳಗಿನವನು “ಓ” ಎನ್ನಬೇಕು.

ಅಂದು ಹೊತ್ತು ಮೂಡುವಾಗಲೇ ಚಪ್ಪಡಿ ಸರಿಸಿದೆವು. ಹುಳಿತ ಬಿಸಿ ಹಬೆ ಮುಖಕ್ಕೆ ಬಡಿಯಿತು. ಆದರೆ ನಾವು ಊಟಕ್ಕೆ ಏಳುವ ಮೊದಲೇ ಪಡುವಲಿಂದ ಮೋಡ ಕವಿದು ಬಂತು. ಒಳಕ್ಕೆ ನೀರು ಬಿದ್ದರೆ ರಾಗಿಯೆಲ್ಲ ಹಾಳು. ಅಪ್ಪ, ಅಣ್ಣ ಓಡಿ ಹೋಗಿ ಚಪ್ಪಡಿ ಎಳೆದು, ಮೇಲೆ ಕಂಬಳಿ ಹೊದಿಸಿ ಬಂದರು. ನಾಲ್ಕು ಹನಿ ಉದುರಿ ಮೋಡ ಚದುರಿತು. ಊಟವಾಯಿತು, ಎಲೆ ಅಡಿಕೆಯಾಯಿತು, ಒಂದು ನಿದ್ದೆಯೂ ಆಯಿತು. ಇಳಿಹೊತ್ತಿನಲ್ಲಿ ಮತ್ತೆ ಚಪ್ಪಡಿ ತೆಗೆದಾಗ ನಮ್ಮೆಲ್ಲರ ಮನಸ್ಸಿನಲ್ಲಿ ಇದ್ದದ್ದು ಒಂದೇ: ಬೆಳಿಗ್ಗೆಯೇ ತೆರೆದ ಹಗೇವು. ನಡುವೆ ಅಷ್ಟು ಹೊತ್ತು ಮುಚ್ಚಿಟ್ಟದ್ದು ಯಾರಿಗೂ ನೆನಪಾಗಲಿಲ್ಲ.

“ದೀಪ ಇಳ್ಸಾನೇನ್ಲಾ?” ಎಂದರು ಅಪ್ಪ, ಅರ್ಧ ತಮಗೇ ಹೇಳಿಕೊಳ್ಳುವಂತೆ.

“ಬೆಳಗಿಂದ ಬಾಯ್ ಬುಟ್ಕಂಡ್ ಕುಂತದೆ ಕಣಪ್ಪೋ, ಇನ್ಯಾವ ದೀಪ” ಎಂದು ಅಣ್ಣ ಸೊಂಟಕ್ಕೆ ಹಗ್ಗ ಬಿಗಿದುಕೊಂಡ. ಅಪ್ಪ ಸರಿಯೆಂದರು. ನಾವಿಬ್ಬರೂ ಹಗ್ಗ ಹಿಡಿದೆವು. ಅವ್ವ, ಅತ್ತಿಗೆ ಚೀಲ ಹಿಡಿದು ನಿಂತಿದ್ದರು.

“ಓ” ಎಂದರು ಅಪ್ಪ.

“ಓ! ಇನ್ನೂ ಬದುಕಿವ್ನಿ!” ಎಂದು ಕೆಳಗಿನಿಂದ ಬಂತು. ಅತ್ತಿಗೆ ನಕ್ಕರು. ಒಂದು ಕುಕ್ಕೆ ರಾಗಿ ಮೇಲೆ ಬಂತು. ಕುಕ್ಕೆ ಮತ್ತೆ ಇಳಿಯಿತು.

“ಓ” ಎಂದರು ಅಪ್ಪ.

ಉತ್ತರವಿಲ್ಲ.

ಇಷ್ಟು ವರ್ಷಗಳಾದ ಮೇಲೂ ನನ್ನ ಮನಸ್ಸು ಹೋಗಿ ನಿಲ್ಲುವುದು ಅಲ್ಲಿಯೇ. ದಾರಿಯಲ್ಲಿ ನಡೆಯುವಾಗ, ತರಗತಿಯಲ್ಲಿ ಪಾಠ ಹೇಳುವಾಗ, ಕಾರಣವೇ ಇಲ್ಲದೆ ಆ ಗಳಿಗೆ ಬರುತ್ತದೆ. ಅತ್ತಿಗೆ ಕಿರುಚಲು ಬಾಯಿ ತೆರೆದರು. ಅವ್ವ ಅವರ ರಟ್ಟೆ ಗಟ್ಟಿಯಾಗಿ ಹಿಡಿದು, “ಸುಮ್ಕಿರು. ಕೇಳುಸ್ಬೇಕು” ಎಂದರು. ಅಷ್ಟೇ. ಇಬ್ಬರೂ ಬಾಗಿ, ಉಸಿರು ಹಿಡಿದು ನಿಂತರು. ರಾಗಿ ಸರಸರನೆ ಜಾರುವ ಸದ್ದೊಂದು ಬಿಟ್ಟರೆ ಕೆಳಗಿನಿಂದ ಏನೂ ಇಲ್ಲ.

“ಎಳಿ” ಎಂದರು ಅಪ್ಪ.

ಹಗ್ಗ ಸೊಂಟಕ್ಕಿತ್ತು. ಎಚ್ಚರ ತಪ್ಪಿದ ಮೈ ಮಡಿಸಿಕೊಂಡು ಮೇಲೆ ಬಂದು ಹಗೇವಿನ ಕತ್ತಿನಲ್ಲಿ ಸಿಕ್ಕಿಬಿತ್ತು. ಅಪ್ಪ ಹಗ್ಗವನ್ನು ಬೆನ್ನಿಗೆ ಸುತ್ತಿಕೊಂಡು ಕಾಲೂರಿ ಕುಳಿತರು. ನಾನು ಹೊಟ್ಟೆಯ ಮೇಲೆ ಮಲಗಿ ಕೈ ಇಳಿಬಿಟ್ಟೆ. ಬಿಸಿ ಗಾಳಿ ಮೂಗಿಗೆ ಹೊಡೆದು ತಲೆ ಗಿರ್ರೆಂದಿತು. ಮೊದಲು ಕೂದಲು ಸಿಕ್ಕಿತು, ಆಮೇಲೆ ಕಂಕುಳು. ಅವ್ವ ನನ್ನ ಕಾಲುಗಳ ಮೇಲೆ ಕುಳಿತುಬಿಟ್ಟರು. ಹೇಗೆ ತಿರುಗಿಸಿದೆವೋ, ಎಲ್ಲಿ ಕೆರೆಯಿತೋ, ಅಣ್ಣ ಹೊರಗೆ ಬಂದ. ತುಟಿ ಕಪ್ಪಾಗಿತ್ತು. ಅಪ್ಪ ಮೊರದಿಂದ ಗಾಳಿ ಹಾಕಿದರು. ಅತ್ತಿಗೆ ಮುಖಕ್ಕೆ ನೀರು ಎರಚಿದರು. ಎಲ್ಲರ ಕಣ್ಣೂ ಅವನ ಎದೆಯ ಮೇಲಿತ್ತು.

ಅವನು ಕೆಮ್ಮಿದ. ಆಗ ಅತ್ತಿಗೆ ಅತ್ತರು, ಅವ್ವ ಅತ್ತರು. ಬೀದಿಯ ಕೊನೆಯ ಮನೆಯವರೂ ಓಡಿಬರುವಂತೆ ಅತ್ತರು.

ಎರಡು ದಿನ ನಾನು ಪುಸ್ತಕ ಮುಟ್ಟಲಿಲ್ಲ. ಮೂರನೆಯ ದಿನ ಕೊನೆಯ ಅಧ್ಯಾಯ ತೆರೆದೆ. ಅದೇ ಹೆಂಗಸರು, ಅದೇ ಮೌನ. ಆದರೆ ಈಗ ಅವರು ತಲೆಗಳನ್ನು ಒಂದೇ ಕಡೆ ವಾಲಿಸಿರುವುದು ಕಂಡಿತು. ಅದನ್ನು ಕಾದಂಬರಿಕಾರರು ಬರೆದೇ ಇದ್ದರು. ನಾನು ದಾಟಿಕೊಂಡು ಹೋಗಿದ್ದೆ. ಅವರು ದುಃಖ ಅಡಗಿಸಿಕೊಂಡವರಲ್ಲ. ಅವರ ಪಾಲಿಗೆ ದುಃಖದ ಹೊತ್ತು ಇನ್ನೂ ಬಂದಿರಲಿಲ್ಲ. ಅವರು ಕೇಳಿಸಿಕೊಳ್ಳುತ್ತಿದ್ದರು. ನೆಲದಡಿ ದುಡಿಯುವ ಊರಿನಲ್ಲಿ ಅತ್ತೆಯಂದಿರು ಸೊಸೆಯಂದಿರಿಗೆ ಕಲಿಸಿಕೊಟ್ಟ ಕೆಲಸ ಅದು.

ಕಾಲೇಜು ತೆರೆದಾಗ ಜಗಲಿಯಲ್ಲಿ ಪ್ರಬಂಧ ಓದಿದೆ. ಹೆಪ್ಪುಗಟ್ಟಿದ ಕಣ್ಣೀರಿನ ಗೆಳೆಯ ನೆಲ ನೋಡುತ್ತ ಕುಳಿತ. “ಇದು ಎಲ್ಲಿ ಸಿಕ್ತು?” ಎಂದು ಮೇಷ್ಟ್ರು ಕೇಳಿದರು. ಮನೆಯಲ್ಲಿ ಎಂದೆ. ಅಣ್ಣ ಈಗ ಹೇಗಿದ್ದಾನೆ ಎಂದು ವಿಚಾರಿಸಿ, ಕಾಫಿ ತರಿಸಿದರು.

ನಾನು ಅವರಿಗೆ ಹೇಳದೆ ಉಳಿಸಿಕೊಂಡದ್ದು ಒಂದಿದೆ. ರಾಗಿ ಇನ್ನೂ ಒಳಗೇ ಇತ್ತಲ್ಲ. ಅಪ್ಪ ಲಾಟೀನು ಇಳಿಸಿದರು, ಆರಿತು. ಕೊಂಬೆ ಆಡಿಸಿ, ಮಾರನೆಯ ದಿನ ಮತ್ತೆ ಇಳಿಸಿದರು, ಉರಿಯಿತು. ನಾನು ಇಳಿಯುತ್ತೇನೆಂದೆ. ಅಣ್ಣ, “ನಿನ್ನ ಹೊಟ್ಟೆ ಆ ಬಾಯಲ್ಲಿ ಇಡುಸ್ತದೇನ್ಲಾ ಹಾಸ್ಟೆಲ್ ಅನ್ನದೋನೆ” ಎಂದು ತಾನೇ ಹಗ್ಗ ಕಟ್ಟಿಕೊಂಡ. ಈ ಸಲ ಕಂಕುಳಿಗೆ. ಅವ್ವ, ಅತ್ತಿಗೆ ಬಂದು ಬಾಯಿಯ ಪಕ್ಕದಲ್ಲಿ ನಿಂತರು. ಇಬ್ಬರೂ ಬಾಗಿ ಕಿವಿಗೊಟ್ಟರು.

“ಓ” ಎಂದೆ. “ಓ” ಎಂದ. ಕುಕ್ಕೆ ತುಂಬುವ ಮೊದಲೇ ಮತ್ತೆ “ಓ” ಎಂದೆ. “ಓ” ಎಂದ. ಮತ್ತೆ ಕೂಗಿದೆ.

“ಓ ಅನ್ನಾಕೇ ಹೊತ್ತಾಯ್ತದೆ, ರಾಗಿ ಯಾವಾಗ್ಲಾ ತುಂಬ್ಲಿ?” ಎಂದು ಕೆಳಗಿನಿಂದ ಗದರಿದ.

ಅಪ್ಪ ನನ್ನ ಕಡೆ ನೋಡಿ ನಕ್ಕರು. ನಾನು ಮತ್ತೆ ಕೂಗಿದೆ.